ಬಿಡುವಿನ ವಾರವಿಲ್ಲದ ವೇಳಾಪಟ್ಟಿ

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ.

2020ರ ಡಿಸೆಂಬರ್ 12ರ ಶನಿವಾರ ಕೊಲಂಬಸ್‌ನಲ್ಲಿ ನಡೆಯಬೇಕಿದ್ದ ಓಹಾಯೊ ಸ್ಟೇಟ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ ರದ್ದಾಗಿದೆ ಎಂಬ ಸುದ್ದಿ ಮಂಗಳವಾರ ಬಂದಂದಿನಿಂದ ಇಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಒಂಬತ್ತನೆಯ ತರಗತಿಯ ಮಗ ಎರಡು ದಿನಗಳಿಂದ ಮುಖ ಗಂಟಿಕ್ಕಿಕೊಂಡಿದ್ದಾನೆ, "ಆಟ ತಾನೇ, ಬಿಡು" ಎಂದರೆ ಇನ್ನಷ್ಟು ಸಿಡುಕುತ್ತಾನೆ, ಅವನಿಗೆ ಏನೆಂದು ಹೇಳಲಿ ಎಂದು ಡೆಟ್ರಾಯಿಟ್ ಬಳಿಯ ಸಹೋದರಿಯೊಬ್ಬರು ಕೇಳಿದ್ದಾರೆ. ಕೋವಿಡ್‌ನಿಂದ ಆಸ್ಪತ್ರೆಗಳು ತುಂಬಿರುವ ಈ ಕಾಲದಲ್ಲಿ ಆಟವನ್ನು ಶುರು ಮಾಡಿದ್ದೇ ತಪ್ಪು ಎಂಬುದು ನಮ್ಮ ಹಿರಿಯರೊಬ್ಬರ ವಾದ. ನನ್ನ ಅಭಿಪ್ರಾಯ ಇವೆರಡಕ್ಕಿಂತ ಸ್ವಲ್ಪ ಬೇರೆ. ಆಡಲು ಹೊರಟದ್ದಕ್ಕಿಂತ ದೊಡ್ಡ ತಪ್ಪು ಆಡುವ ದಿನಗಳನ್ನು ಜೋಡಿಸಿದ ರೀತಿಯಲ್ಲಿದೆ, ಮತ್ತು ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡೇ ವಿವರಿಸಬಹುದು.

ಈ ಎರಡೂ ತಂಡಗಳು ಸೇರಿರುವ, ಹೆಸರಿನಲ್ಲಿ ಹತ್ತಿದ್ದರೂ 2020ರಲ್ಲಿ 14 ವಿಶ್ವವಿದ್ಯಾಲಯಗಳಿದ್ದ ಬಿಗ್ ಟೆನ್ ಕ್ರೀಡಾ ಒಕ್ಕೂಟ ಈ ವರ್ಷ ಮಾಡಿದ ವೇಳಾಪಟ್ಟಿ ಒಂದಲ್ಲ. ಜುಲೈ 9ರಂದು ಹೊರಗಿನ ತಂಡಗಳೊಂದಿಗಿನ ಪಂದ್ಯಗಳನ್ನೆಲ್ಲ ಕೈಬಿಟ್ಟಿತು. ಆಗಸ್ಟ್ 5ರಂದು ಹೊಸ ಪಟ್ಟಿ ಬಂತು: ತಂಡಕ್ಕೆ ಹತ್ತು ಪಂದ್ಯ, ಸೆಪ್ಟೆಂಬರ್ ಮೊದಲ ವಾರದಲ್ಲಿ ಆರಂಭ, ನಡುನಡುವೆ ಬಿಡುವಿನ ವಾರಗಳು, ಮುಂದೂಡಿದ ಪಂದ್ಯಗಳಿಗಾಗಿ ನವೆಂಬರ್ ಕೊನೆಯಲ್ಲೂ ಜಾಗ. ಓಹಾಯೊ ಸ್ಟೇಟ್–ಮಿಷಿಗನ್ ಪಂದ್ಯವನ್ನು, ರೂಢಿಯಂತೆ ಕೊನೆಗೆ ಇಡದೆ, ಅಕ್ಟೋಬರ್ 24ಕ್ಕೆ ತಂದಿದ್ದರು. ಆಗ ನಮ್ಮಲ್ಲಿ ಹಲವರು ಸಂಪ್ರದಾಯ ಕೆಟ್ಟಿತೆಂದು ಗೊಣಗಿದ್ದೆವು. ಆದರೆ ಅದು ಯೋಚಿಸಿ ಮಾಡಿದ ಪಟ್ಟಿಯಾಗಿತ್ತು. ಅಂದು ಆಡಲಾಗದಿದ್ದರೆ ಮುಂದೆ ಇನ್ನೊಂದು ದಿನ ಸಿಗುವ ಸಾಧ್ಯತೆಯಿತ್ತು.

ಆ ಪಟ್ಟಿಯ ಆಯಸ್ಸು ಆರೇ ದಿನ. ಆಗಸ್ಟ್ 11ರಂದು ವಿಶ್ವವಿದ್ಯಾಲಯಗಳ ಅಧ್ಯಕ್ಷರು 11–3 ಮತಗಳಿಂದ ಶರತ್ಕಾಲದ ಕ್ರೀಡೆಗಳನ್ನೇ ಮುಂದೂಡಿದರು. ಓಹಾಯೊ ಸ್ಟೇಟ್, ನೆಬ್ರಾಸ್ಕಾ ಮತ್ತು ಅಯೋವಾ ಮಾತ್ರ ವಿರೋಧಿಸಿದವು. ಸೋಂಕಿನ ನಂತರ ಹೃದಯದ ಸ್ನಾಯುವಿಗೆ ಉರಿಯೂತ ತಗಲಬಹುದೆಂಬ ವೈದ್ಯರ ಆತಂಕ ಆ ನಿರ್ಧಾರದ ಹಿಂದಿನ ಕಾರಣಗಳಲ್ಲಿ ಒಂದು, ಮತ್ತು ಅದನ್ನು ಹಗುರವಾಗಿ ಕಾಣುವಂತಿರಲಿಲ್ಲ. ಆಟಗಾರರ ತಂದೆತಾಯಂದಿರು ಶಿಕಾಗೊ ಪಕ್ಕದ ರೋಸ್‌ಮಾಂಟ್‌ನಲ್ಲಿರುವ ಒಕ್ಕೂಟದ ಕಚೇರಿಯ ಮುಂದೆ ನಿಂತರು, ನೆಬ್ರಾಸ್ಕಾದ ಎಂಟು ಆಟಗಾರರು ನ್ಯಾಯಾಲಯಕ್ಕೆ ಹೋದರು, ಓಹಾಯೊ ಸ್ಟೇಟ್‌ನ ಆಟಗಾರ ಜಸ್ಟಿನ್ ಫೀಲ್ಡ್ಸ್ ಆರಂಭಿಸಿದ ಮನವಿಗೆ ಲಕ್ಷಗಟ್ಟಲೆ ಜನ ಸಹಿ ಹಾಕಿದರು. ನಿರ್ಧಾರವನ್ನು ಮರುಪರಿಶೀಲಿಸುವುದಿಲ್ಲವೆಂದು ಒಕ್ಕೂಟದ ಅಂದಿನ ಆಯುಕ್ತ ಕೆವಿನ್ ವಾರನ್ ಆಗಸ್ಟ್ 19ರಂದು ಬಹಿರಂಗ ಪತ್ರದಲ್ಲಿ ಬರೆದರು. ಸರಿಯಾಗಿ ನಾಲ್ಕು ವಾರಗಳ ನಂತರ, ಸೆಪ್ಟೆಂಬರ್ 16ರಂದು, ಅದು ಮರುಪರಿಶೀಲನೆಯಾಗಿ, ಅಕ್ಟೋಬರ್ 24ರ ವಾರಾಂತ್ಯದಿಂದ ಆಡುವುದೆಂದು ಬದಲಾಯಿತು.

ಬದಲಾದದ್ದಕ್ಕೆ ವೈದ್ಯಕೀಯ ಕಾರಣವೂ ಇತ್ತು ಎಂಬುದನ್ನು ಒಪ್ಪಬೇಕು. ಅಷ್ಟರಲ್ಲಿ ತ್ವರಿತ ಆಂಟಿಜೆನ್ ಪರೀಕ್ಷೆಗಳು ಪ್ರತಿದಿನ ಮಾಡುವಷ್ಟು ಲಭ್ಯವಾಗಿದ್ದವು. ಸೋಂಕು ತಗಲಿದ ಆಟಗಾರ ಹೃದಯದ ತಪಾಸಣೆಗಳನ್ನೆಲ್ಲ ಮುಗಿಸಿ, 21 ದಿನಗಳ ನಂತರವೇ ಪಂದ್ಯಕ್ಕೆ ಇಳಿಯಬೇಕೆಂದು ನಿಯಮ ಮಾಡಿದರು. ತಂಡದಲ್ಲಿ ನಡೆದ ಪರೀಕ್ಷೆಗಳಲ್ಲಿ ಸೋಂಕಿನ ಪ್ರಮಾಣ ಶೇ. 5ನ್ನೂ, ಆಟಗಾರರು ಮತ್ತು ಸಿಬ್ಬಂದಿ ಸೇರಿದ ಒಟ್ಟು ಬಳಗದಲ್ಲಿ ಶೇ. 7.5ನ್ನೂ ಮೀರಿದರೆ ಕನಿಷ್ಠ ಏಳು ದಿನ ಅಭ್ಯಾಸವನ್ನೂ ಪಂದ್ಯವನ್ನೂ ನಿಲ್ಲಿಸಬೇಕೆಂದರು. ಇವೆಲ್ಲ ಬಿಗಿಯಾದ, ಒಳ್ಳೆಯ ನಿಯಮಗಳೇ. ತೊಂದರೆ ಇರುವುದು ಇವುಗಳ ಜೊತೆಗಿಟ್ಟ ದಿನಾಂಕಗಳಲ್ಲಿ. ಈ ವರ್ಷ ರಾಷ್ಟ್ರೀಯ ಪ್ಲೇಆಫ್‌ಗೆ, ಅಂದರೆ ದೇಶದ ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತಿಗೆ, ನಾಲ್ಕು ತಂಡಗಳನ್ನು ಆರಿಸುವ ದಿನ ಡಿಸೆಂಬರ್ 20. ಅಕ್ಟೋಬರ್ 24ರಿಂದ ಡಿಸೆಂಬರ್ 19ರವರೆಗೆ ಶನಿವಾರಗಳನ್ನು ಎಣಿಸಿದರೆ ಒಂಬತ್ತು ಬರುತ್ತವೆ. ಎಂಟು ಪಂದ್ಯ, ಒಂಬತ್ತನೆಯ ವಾರ ಒಕ್ಕೂಟದ ಪ್ರಶಸ್ತಿಗಾಗಿ ಅಂತಿಮ ಹಣಾಹಣಿ. ಏಳು ದಿನ ನಿಲ್ಲಿಸಬೇಕೆಂದು ತಾವೇ ಬರೆದವರು, ನಿಲ್ಲಿಸಿದರೆ ಮತ್ತೆ ಆಡಲು ಒಂದೇ ಒಂದು ಖಾಲಿ ಶನಿವಾರವನ್ನೂ ಉಳಿಸಿಕೊಳ್ಳಲಿಲ್ಲ.

ಫಲವೇನಾಯಿತೆಂದು ಮೊದಲ ವಾರದಲ್ಲೇ ಕಂಡಿತು. ವಿಸ್ಕಾನ್ಸಿನ್ ಅಕ್ಟೋಬರ್ 23ರಂದು ಇಲಿನಾಯ್ ತಂಡವನ್ನು 45–7ರಿಂದ ಸೋಲಿಸಿತು, ಕೆಲವೇ ದಿನಗಳಲ್ಲಿ ಅದರ ಶಿಬಿರದಲ್ಲಿ ಸೋಂಕು ಹರಡಿತು, ನೆಬ್ರಾಸ್ಕಾ ಮತ್ತು ಪರ್ಡ್ಯೂ ವಿರುದ್ಧದ ಎರಡೂ ಪಂದ್ಯಗಳು ರದ್ದಾದವು. ಮುಂದೂಡಿದ್ದಲ್ಲ, ರದ್ದು. ಆ ಶನಿವಾರ ಸುಮ್ಮನೆ ಕೂರಲಾಗದ ನೆಬ್ರಾಸ್ಕಾ, ಟೆನೆಸ್ಸಿಯ ಚಟನೂಗಾ ತಂಡದೊಂದಿಗೆ ಆಡಲು ಅನುಮತಿ ಕೇಳಿತು, ಒಕ್ಕೂಟ ಒಪ್ಪಲಿಲ್ಲ. ಓಹಾಯೊ ಸ್ಟೇಟ್‌ನದೂ ಇದೇ ಕಥೆ. ಮೇರಿಲ್ಯಾಂಡ್‌ನಲ್ಲಿ ಸೋಂಕೆಂದು ಒಂದು ಪಂದ್ಯ ಹೋಯಿತು, ತಮ್ಮಲ್ಲೇ ಸೋಂಕೆಂದು ಇಲಿನಾಯ್ ಪಂದ್ಯ ಹೋಯಿತು, ಈಗ ಮಿಷಿಗನ್ ಕಡೆಯ ಸೋಂಕಿನಿಂದ ವರ್ಷವೆಲ್ಲ ಕಾಯುವ ಪಂದ್ಯವೂ ಹೋಯಿತು. 1918ರಿಂದ ಒಂದು ವರ್ಷವೂ ತಪ್ಪದೆ ನಡೆದ ಪಂದ್ಯವಿದು. ಆ 1918 ಇನ್‌ಫ್ಲುಯೆಂಜಾ ಮಹಾಮಾರಿಯ ವರ್ಷವೆಂಬುದನ್ನು ನೆನೆದರೆ ಹುಡುಗನ ಸಿಟ್ಟು ತೀರಾ ಅಕಾರಣವೆನಿಸುವುದಿಲ್ಲ. ಆಗಸ್ಟ್ ಪಟ್ಟಿಯಲ್ಲಿ ಅಕ್ಟೋಬರ್‌ನಲ್ಲಿದ್ದುದನ್ನು ಸಂಪ್ರದಾಯದ ಹೆಸರಿನಲ್ಲಿ ಮತ್ತೆ ಕೊನೆಯ ವಾರಕ್ಕೆ ಒಯ್ದರು. ಮದುವೆಯ ಮುಹೂರ್ತವನ್ನು ಆಷಾಢದ ಹಿಂದಿನ ದಿನಕ್ಕೆ ಇಟ್ಟುಕೊಂಡ ಹಾಗಾಯಿತು. ತಪ್ಪಿದರೆ ಮುಂದೆ ದಿನವೇ ಇಲ್ಲ.

ಬೇರೆ ರೀತಿಯಲ್ಲಿ ಮಾಡಲು ಸಾಧ್ಯವಿತ್ತೇ ಎಂದು ಕೆಲವರು ಕೇಳಬಹುದು. ದಕ್ಷಿಣದ ಎಸ್‌ಇಸಿ ಒಕ್ಕೂಟ ಸೆಪ್ಟೆಂಬರ್ 26ಕ್ಕೆ ಆರಂಭಿಸಿ, ಪ್ರತಿ ತಂಡಕ್ಕೂ ನಡುವೆ ಒಂದು ಬಿಡುವು ಕೊಟ್ಟು, ಡಿಸೆಂಬರ್ 12ನ್ನು ಎಲ್ಲರಿಗೂ ಖಾಲಿ ಇಟ್ಟಿತ್ತು. ಅಕ್ಟೋಬರ್ 17ರಂದು ನಿಂತುಹೋದ ಫ್ಲೋರಿಡಾ–ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಪಂದ್ಯ ಅದರಿಂದಾಗಿಯೇ ಈ ಶನಿವಾರಕ್ಕೆ ನಿಗದಿಯಾಗಿದೆ. ಅಲ್ಲಿಯ ಸೋಂಕು ನಿಯಂತ್ರಣವನ್ನು ನಾನು ಹೊಗಳುತ್ತಿಲ್ಲ, ಅಲ್ಲಿಯ ಕ್ರೀಡಾಂಗಣಗಳಲ್ಲಿ ಪ್ರೇಕ್ಷಕರನ್ನು ಕೂರಿಸಿದ್ದು ನನಗೆ ಸರಿಕಂಡಿಲ್ಲ. ಹೇಳುತ್ತಿರುವುದು ವೇಳಾಪಟ್ಟಿಯ ಜಾಣ್ಮೆಯನ್ನಷ್ಟೇ. ಕಳೆದ ವಾರವಂತೂ ಎದುರಾಳಿ ತಂಡ ಸೋಂಕಿನಿಂದ ಹಿಂದೆ ಸರಿದಾಗ ಕೋಸ್ಟಲ್ ಕ್ಯಾರೊಲೈನಾ ವಿಶ್ವವಿದ್ಯಾಲಯ ಕೆಲವೇ ದಿನಗಳ ಮುನ್ಸೂಚನೆಯಲ್ಲಿ ದೂರದ ಯೂಟಾದಿಂದ ಬಿವೈಯು (ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ) ತಂಡವನ್ನು ಕರೆಸಿಕೊಂಡು 22–17ರಿಂದ ಗೆದ್ದಿತು. ನನ್ನ ಲೆಕ್ಕದಲ್ಲಿ ಬಿಗ್ ಟೆನ್ ಏಳು ಪಂದ್ಯಗಳಿಗೆ ಇಳಿದು, ಒಂದು ಶನಿವಾರವನ್ನು ಸಾಮೂಹಿಕವಾಗಿ ಖಾಲಿ ಬಿಟ್ಟಿದ್ದರೆ ಎಲ್ಲವೂ ಉಳಿಯುತ್ತಿತ್ತೆಂದಲ್ಲ, ಆದರೆ ಮುಖ್ಯವಾದ ಕೆಲವು ಪಂದ್ಯಗಳಾದರೂ ಉಳಿಯುತ್ತಿದ್ದವು.

ಐಪಿಎಲ್ ನಡೆಯಲಿಲ್ಲವೇ, ಇವರಿಗೇಕೆ ಆಗದು ಎಂದು ಒಬ್ಬರು ಬರೆದಿದ್ದಾರೆ. ಮಾರ್ಚ್‌ನಲ್ಲಿ ಆರಂಭವಾಗಬೇಕಿದ್ದ ಟೂರ್ನಿ ಸೆಪ್ಟೆಂಬರ್ 19ರಿಂದ ನವೆಂಬರ್ 10ರವರೆಗೆ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ನಡೆಯಿತು, ಆರಂಭಕ್ಕೆ ಮೊದಲೇ ಚೆನ್ನೈ ಶಿಬಿರದಲ್ಲಿ ಸೋಂಕು ಕಂಡರೂ 60 ಪಂದ್ಯಗಳೂ ಮುಗಿದವು, ನಮ್ಮ ಬೆಂಗಳೂರು ತಂಡ ಎಂದಿನಂತೆ ಆಸೆ ಹುಟ್ಟಿಸಿ ಎಲಿಮಿನೇಟರ್‌ನಲ್ಲಿ ಹೊರಬಿತ್ತು. ಆದರೆ ಅವರು ಸಂಬಳದ ವೃತ್ತಿಪರರು. ಹೋಟೆಲಿನಲ್ಲಿ ಎರಡು ತಿಂಗಳು ಹೊರಬರದೆ ಇರಲು ಕರಾರಿಗೆ ಸಹಿ ಹಾಕಿದವರು. ಇಲ್ಲಿಯವರು ವಿದ್ಯಾರ್ಥಿಗಳು. ಇವರನ್ನು ವೃತ್ತಿಪರರಂತೆ ಹೊರಗಿನವರ ಸಂಪರ್ಕವಿಲ್ಲದ ಬಬಲ್‌ನೊಳಗೆ ಕೂಡಿಹಾಕಿದರೆ, ಇವರು ಮೊದಲು ವಿದ್ಯಾರ್ಥಿಗಳು, ಆದ್ದರಿಂದ ಸಂಬಳವಿಲ್ಲ ಎಂದು ವರ್ಷಾನುಗಟ್ಟಲೆ ಹೇಳಿಕೊಂಡು ಬಂದ ವಾದವೇ ಕುಸಿಯುತ್ತದೆ.

ನಮ್ಮ ಮನೆಯಲ್ಲಿ ಪ್ರಶ್ನೆ ಬಂದದ್ದು ಇದೇ ದಾರಿಯಲ್ಲಿ. ಕಾಲೇಜಿನಲ್ಲಿ ಓದುವ ಮಗಳು, ತಾನು ಹಾಸ್ಟೆಲ್ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಪಾಠ ಕೇಳುತ್ತಿರುವಾಗ, ತನಗೆ ವಾರಕ್ಕೊಂದು ಪರೀಕ್ಷೆಯಾದರೆ ಆಟಗಾರರಿಗೆ ದಿನಕ್ಕೊಂದು ಏಕೆ ಎಂದು ಕೇಳಿದಳು. ದೂರದರ್ಶನದ ಹಕ್ಕುಗಳಿಂದ ಬರುವ ಹಣ ಎಷ್ಟು ದೊಡ್ಡದು, ಆ ಹಣದಿಂದಲೇ ಈಜು, ಕುಸ್ತಿ, ಹಾಕಿಯಂಥ ಆದಾಯವಿಲ್ಲದ ತಂಡಗಳೂ ಹೇಗೆ ನಡೆಯುತ್ತವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ಅವಳಿಗೆ ಅದು ಸಮಾಧಾನ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಡೆಟ್ರಾಯಿಟ್‌ನ ಸಹೋದರಿಗೆ ನನ್ನ ಸಲಹೆ ಇಷ್ಟೇ: ಆಗಸ್ಟ್ 5ರ ಪಟ್ಟಿ ಮತ್ತು ಈಗಿನ ಪಟ್ಟಿ ಎರಡನ್ನೂ ಮುದ್ರಿಸಿ ಮಗನ ಕೈಗೆ ಕೊಡಿ, ಎಲ್ಲಿ ಬಿಡುವು ಕೊಡಬಹುದಿತ್ತೆಂದು ಅವನೇ ಹುಡುಕಲಿ. ಮಿಷಿಗನ್ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್‌ನ ಲಕ್ಷ ಜನ ಹಿಡಿಸುವ ಕ್ರೀಡಾಂಗಣ ಖಾಲಿ ಬಿದ್ದಿರುವುದನ್ನು ನೋಡಿ ಬೆಳೆಯುತ್ತಿರುವವನು ಅವನು. ಅವನ ಊರು ಅದು, ನಮ್ಮ ಹಾಗೆ ಬಂದು ನೆಲೆಸಿದ ಊರಲ್ಲ. ನೋವನ್ನು ಅಳೆಯುವಾಗ ಆ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಸಾಕು.

ಇನ್ನು ನಿನ್ನೆಯ ನಿರ್ಧಾರ. ಅಂತಿಮ ಪಂದ್ಯಕ್ಕೆ ಅರ್ಹರಾಗಲು ಕನಿಷ್ಠ ಆರು ಪಂದ್ಯ ಆಡಿರಬೇಕೆಂಬ ಷರತ್ತನ್ನು ಒಕ್ಕೂಟ ಕೈಬಿಟ್ಟು, ಐದನ್ನೂ ಗೆದ್ದಿರುವ ಓಹಾಯೊ ಸ್ಟೇಟ್‌ಗೆ ಅಂತಿಮ ಪಂದ್ಯ ನಡೆಯುವ ಇಂಡಿಯಾನಾಪೊಲಿಸ್‌ನ ದಾರಿ ತೆರೆದಿದೆ. ಓಹಾಯೊದವನಾಗಿ ನನಗೆ ಸಂತೋಷವಾಗಿದೆ, ನಿಯಮವನ್ನು ಆಟದ ನಡುವೆ ತಿದ್ದಿದ್ದು ಹಿಡಿಸಿಲ್ಲ. ಏಳರಲ್ಲಿ ಆರು ಗೆದ್ದು, ನಮ್ಮೆದುರು ಮಾತ್ರ 42–35ರಿಂದ ಸೋತ ಇಂಡಿಯಾನಾ, ಹಳೆಯ ನಿಯಮ ಉಳಿದಿದ್ದರೆ ಆ ಜಾಗದಲ್ಲಿರುತ್ತಿತ್ತು. ಪರ್ಡ್ಯೂ ವಿರುದ್ಧದ ಅದರ ಪಂದ್ಯವೂ ಮಂಗಳವಾರವೇ ರದ್ದಾಯಿತು. ನಾವು ಅವರನ್ನು ನೇರವಾಗಿ ಸೋಲಿಸಿದ್ದೇವೆ ಎಂಬ ಸಮರ್ಥನೆ ಸರಿಯೇ, ಆದರೆ ಷರತ್ತು ಬರೆದಾಗ ಅದು ಎಲ್ಲಿಯೂ ಇರಲಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್ಟನ್ ಕಡೆಯ ಸದಸ್ಯರು ಗುಂಪಿನಲ್ಲಿ ಇಬ್ಬರು ಮೂವರಾದರೂ ಇದ್ದೀರಿ. ನಿಮ್ಮ ಮನೆಯ ಮಕ್ಕಳು ಇದನ್ನು ಹೇಗೆ ತೆಗೆದುಕೊಂಡಿದ್ದಾರೆ, ನೀವು ಅವರಿಗೆ ಏನು ಹೇಳಿದಿರಿ ಎಂಬುದನ್ನು ದಯವಿಟ್ಟು ಬರೆಯಿರಿ.