ಚಾಟ್‌ಬಾಟ್‌ಗೆ ಆಫೀಸ್ ಕೆಲಸ ಹೇಗೆ ಹೇಳ್ತೀರಿ? ನಿಮ್ಮ ಅನುಭವ ತಿಳಿಸಿ

ಪ್ರಶ್ನೆ:
ಆಫೀಸಿನಲ್ಲಿ ಎಐ ಚಾಟ್‌ಬಾಟ್ ಬಳಸಲು ಶುರು ಮಾಡಿ ಎರಡು ತಿಂಗಳಾಯಿತು. ಇಮೇಲ್, ವರದಿ, ಮೀಟಿಂಗ್ ಟಿಪ್ಪಣಿ, ಎಲ್ಲಕ್ಕೂ ಅದನ್ನೇ ಕೇಳುತ್ತೇನೆ. ಉತ್ತರ ಬರುತ್ತದೆ, ಆದರೆ ಸಪ್ಪೆ. ಕೊನೆಗೆ ನಾನೇ ಕೂತು ಪೂರ್ತಿ ತಿದ್ದಬೇಕು. ಪಕ್ಕದ ಸೀಟಿನವರಿಗೆ ಮಾತ್ರ ಅದೇ ಚಾಟ್‌ಬಾಟ್ ಚೆನ್ನಾಗಿ ಬರೆದುಕೊಡುತ್ತದೆ. ನಾನು ಕೇಳುವ ರೀತಿಯಲ್ಲೇ ಏನೋ ಕೊರತೆ ಇರಬೇಕು. ದಿನವೂ ಬಳಸುವವರು ಹೇಳ್ತೀರಾ?

ಉತ್ತರ 1:
ನನ್ನ ಕೆಲಸ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವುದು. ನನಗೂ ಮೊದಲು ಹೀಗೇ ಆಗುತ್ತಿತ್ತು. "ಆರ್ಡರ್ ತಡವಾಗಿದ್ದಕ್ಕೆ ಕ್ಷಮೆ ಕೇಳುವ ಇಮೇಲ್ ಬರೆದುಕೊಡು" ಅಂತಷ್ಟೇ ಕೇಳುತ್ತಿದ್ದೆ. "ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ" ಅಂತ ಶುರುವಾಗುವ ನಾಲ್ಕು ಪ್ಯಾರಾ ಬರುತ್ತಿತ್ತು. ಯಾರಿಗೆ ಬೇಕಾದರೂ ಕಳಿಸಬಹುದಾದ ಇಮೇಲ್.

ಒಂದು ದಿನ ಯೋಚನೆ ಮಾಡಿದೆ. ಇದೇ ಕೆಲಸವನ್ನು ಇವತ್ತೇ ಸೇರಿದ ಒಬ್ಬರಿಗೆ ಒಪ್ಪಿಸುವುದಾದರೆ ಇಷ್ಟು ಹೇಳಿ ಸುಮ್ನೆ ಎದ್ದು ಹೋಗ್ತಿದ್ನಾ? ಇಲ್ಲ ಅಲ್ವಾ? ಗ್ರಾಹಕರು ಯಾರು, ಎಷ್ಟು ದಿನ ತಡವಾಗಿದೆ, ನಾವು ಏನು ಕೊಡಬಹುದು, ಎಲ್ಲ ಕೂರಿಸಿ ಹೇಳುತ್ತಿದ್ದೆ. ಈಗ ಹೀಗೆ ಬರೆಯುತ್ತೇನೆ:

"ಇವರು ಐದು ವರ್ಷದಿಂದ ನಮ್ಮ ಗ್ರಾಹಕರು. ಆರ್ಡರ್ 9 ದಿನ ತಡವಾಗಿದೆ. ಇದು ಎರಡನೇ ದೂರು, ಮೊದಲನೆಯದಕ್ಕೆ ನಾವು ಉತ್ತರ ಕೊಟ್ಟಿರಲಿಲ್ಲ. ಸಾಮಾನು ಗುರುವಾರ ತಲುಪುತ್ತದೆ, ಸಾಗಣೆ ಶುಲ್ಕ ವಾಪಸ್ ಕೊಡುತ್ತೇವೆ. ಬೇರೆ ಯಾವ ಭರವಸೆಯನ್ನೂ ಕೊಡಬೇಡ. ಸಾಮಾನು ಯಾವಾಗ ಸಿಗುತ್ತದೆ ಅನ್ನುವುದು ಮೊದಲ ಸಾಲಿನಲ್ಲೇ ಇರಲಿ. 80 ಪದ ದಾಟಬಾರದು."

ಇದಕ್ಕೆ ಎರಡು ನಿಮಿಷ ಬೇಕು. ಆಮೇಲೆ ಒಂದೆರಡು ಪದ ಬದಲಿಸಿದರೆ ಸಾಕು. ಭರವಸೆ ಕೊಡಬೇಡ ಅನ್ನುವ ಸಾಲನ್ನು ಮಾತ್ರ ಬಿಡಬೇಡಿ. ಒಮ್ಮೆ ಅದನ್ನು ಬಿಟ್ಟಿದ್ದಕ್ಕೆ, ಮುಂದಿನ ಖರೀದಿಗೆ ರಿಯಾಯಿತಿ ಕೊಡುತ್ತೇವೆ ಅಂತ ತಾನಾಗಿಯೇ ಸೇರಿಸಿಬಿಟ್ಟಿತ್ತು. ಕಳಿಸುವ ಮೊದಲು ಕಣ್ಣಿಗೆ ಬಿತ್ತು, ಬಚಾವಾದೆ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಮಾದರಿ ಕೊಡಿ. "ಗಂಭೀರವಾಗಿ, ಆದರೆ ಆತ್ಮೀಯವಾಗಿ ಬರೆ" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ನಾನು ಹಿಂದೆ ಬರೆದ ಎರಡು ಮೂರು ಒಳ್ಳೆಯ ವರದಿಗಳನ್ನು ಹಾಕಿ, ಇದೇ ಧಾಟಿಯಲ್ಲಿ ಬರಲಿ ಅನ್ನುತ್ತೇನೆ. 2020ರಲ್ಲಿ ಓಪನ್‌ಎಐ (ಚಾಟ್‌ಜಿಪಿಟಿ ತಯಾರಿಸಿದ ಕಂಪನಿ) ಸಂಶೋಧಕರು ಜಿಪಿಟಿ-3 ಎಂಬ ತಮ್ಮ ಎಐ ಬಗ್ಗೆ ಬರೆದ ಪ್ರಬಂಧ ತೋರಿಸಿದ್ದೂ ಇದನ್ನೇ. ಹೊಸದಾಗಿ ತರಬೇತಿ ಕೊಡಬೇಕಾಗಿಲ್ಲ, ಪ್ರಾಂಪ್ಟ್‌ನಲ್ಲೇ, ಅಂದರೆ ನಾವು ಚಾಟ್‌ಬಾಟ್‌ಗೆ ಬರೆದು ಕೇಳುವುದರಲ್ಲೇ, ಕೆಲವು ಉದಾಹರಣೆ ಇಟ್ಟರೆ ಕೆಲಸ ಎಷ್ಟೋ ಸುಧಾರಿಸುತ್ತದೆ.

ಒಂದು ಎಚ್ಚರಿಕೆ. ಹಳೆಯ ವರದಿಯ ಅಂಕಿಗಳು ಹೊಸದರೊಳಗೆ ನುಸುಳುತ್ತವೆ. ನನಗೆ ಎರಡು ಸಲ ಹೀಗಾಗಿದೆ. ಹಾಗಾಗಿ ಅಂಕಿಗಳನ್ನು ಅಳಿಸಿ, ಆ ಜಾಗ ಖಾಲಿ ಬಿಟ್ಟು ಕೊಡುತ್ತೇನೆ. ಹೆಸರು, ಫೋನ್ ನಂಬರ್, ಸಂಬಳದ ವಿವರ ಇವನ್ನಂತೂ ಮೊದಲೇ ತೆಗೆದುಬಿಡಿ. ಯಾವುದನ್ನು ಹಾಕಬಹುದು ಅಂತ ನಿಮ್ಮ ಆಫೀಸಿನಲ್ಲಿ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಇನ್ನೊಂದು ತೊಂದರೆ ಇದೆ. ಮೀಟಿಂಗ್ ಟಿಪ್ಪಣಿ ಕೊಟ್ಟು ಸಾರಾಂಶ ಕೇಳಿದರೆ, ಯಾರೂ ಆಡದ ಮಾತನ್ನೂ ಸೇರಿಸುತ್ತದೆ. ಇದಕ್ಕೇನು ಮಾಡ್ತೀರಿ?

ಉತ್ತರ 3:
ಹಿಂದಿನ ಪದಗಳನ್ನು ನೋಡಿಕೊಂಡು ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕುವುದು ಅದರ ಕೆಲಸ. ಟಿಪ್ಪಣಿಯಲ್ಲಿ ಖಾಲಿ ಜಾಗ ಇದ್ದರೆ, ಅಲ್ಲಿ ಇರಬಹುದು ಅನ್ನಿಸುವಂಥದ್ದನ್ನು ತುಂಬಿಬಿಡುತ್ತದೆ. ನಾನು ಈ ಸಾಲುಗಳನ್ನು ಫೈಲ್ ಮಾಡಿಟ್ಟುಕೊಂಡಿದ್ದೇನೆ: "ಕೆಳಗಿನ ಟಿಪ್ಪಣಿಯಲ್ಲಿ ಇರುವುದನ್ನು ಮಾತ್ರ ಬಳಸು. ಇಲ್ಲದಿದ್ದರೆ 'ಟಿಪ್ಪಣಿಯಲ್ಲಿ ಇಲ್ಲ' ಅಂತ ಬರೆ. ಪ್ರತಿ ತೀರ್ಮಾನದ ಕೆಳಗೆ ಅದಕ್ಕೆ ಆಧಾರವಾದ ಸಾಲನ್ನು ಇದ್ದ ಹಾಗೇ ಹಾಕು." ಆ ಸಾಲನ್ನು ಮೂಲ ಟಿಪ್ಪಣಿಯಲ್ಲಿ ಹುಡುಕಿ ನೋಡುತ್ತೇನೆ. ಸಿಗದಿದ್ದರೆ ಆ ತೀರ್ಮಾನವನ್ನೇ ತೆಗೆಯುತ್ತೇನೆ.

"ಇದು ನಿಜ ತಾನೇ?" ಅಂತ ಅದನ್ನೇ ಕೇಳಿ ನೆಮ್ಮದಿಯಿಂದ ಇರಬೇಡಿ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿಗೆ ವಕೀಲರಿಬ್ಬರು ಚಾಟ್‌ಜಿಪಿಟಿ ತಾನಾಗಿಯೇ ಸೃಷ್ಟಿಸಿದ, ನಿಜವಾಗಿ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ಅರ್ಜಿ ಸಲ್ಲಿಸಿದ್ದರು. ಒಬ್ಬರು ಆ ಪ್ರಕರಣ ನಿಜವೇ ಅಂತ ಅದನ್ನೇ ಕೇಳಿದ್ದರು, ಹೌದು ಅಂದಿತ್ತು. ಕೊನೆಗೆ 5,000 ಡಾಲರ್ ದಂಡ ಬಿತ್ತು.

ಉತ್ತರ 4:
ಉತ್ತರ ಹಳಿ ತಪ್ಪಿದರೆ ಅದೇ ಚಾಟ್‌ನಲ್ಲಿ ಹತ್ತು ಸಲ ತಿದ್ದಿಸಬೇಡಿ. ಹಳೆಯ ತಪ್ಪುಗಳೆಲ್ಲ ಅಲ್ಲೇ ಕೂತಿರುತ್ತವೆ, ಅದು ಅವನ್ನೂ ನೋಡಿಕೊಂಡೇ ಮುಂದೆ ಬರೆಯುತ್ತದೆ. ಹೊಸ ಚಾಟ್ ತೆರೆದು ಕಲಿತದ್ದನ್ನು ಸೇರಿಸಿ ಕೇಳಿ.

ಏನು ಹೇಳಬೇಕು ಅಂತಲೇ ಗೊತ್ತಾಗದಿದ್ದರೆ ಈ ಸಾಲು ಹಾಕಿ: "ಬರೆಯುವ ಮೊದಲು ನಿನಗೆ ತಿಳಿಯಬೇಕಾದ್ದನ್ನು ನನ್ನನ್ನು ಒಂದೊಂದಾಗಿ ಕೇಳು." ನಾನು ಎಲ್ಲಕ್ಕಿಂತ ಜಾಸ್ತಿ ಬಳಸುವುದು ಇದನ್ನೇ.

ಪ್ರಶ್ನೆ ಕೇಳಿದವರು:
ಕೊನೆಯದನ್ನು ಈಗಷ್ಟೇ ಮಾಡಿ ನೋಡಿದೆ. ಮೂರು ದಿನದಿಂದ ಒಂದು ವರದಿ ಹಿಡಿದು ಕೂತಿದ್ದೆ. ಅದು ಕೇಳಿದ ಮೊದಲ ಪ್ರಶ್ನೆ, "ಇದನ್ನು ಓದಿದವರು ಯಾವ ನಿರ್ಧಾರ ತೆಗೆದುಕೊಳ್ಳಬೇಕು?" ನನಗೇ ಗೊತ್ತಿರಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ ಕೇಳಿಕೊಂಡು ಬಂದೆ. ಈಗ ಪ್ರಾಂಪ್ಟ್ ಬರೆಯಲು ಕೂರುತ್ತಿದ್ದೇನೆ.