ಸಹಾಯ ಬೇಕು: ಮಲೇರಿಯಾ ಗುರುತಿಸುವ ಮಾಡೆಲ್ ನಮ್ಮೂರ ಸ್ಲೈಡ್‌ನಲ್ಲಿ ಎಡವುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದಲ್ಲಿದ್ದು ಎಂ.ಎಸ್ಸಿ. ಓದುತ್ತಿದ್ದೇನೆ. ರಕ್ತಕಣದ ಫೋಟೊ ನೋಡಿ ಮಲೇರಿಯಾ ಇದೆಯೋ ಇಲ್ಲವೋ ಹೇಳುವ ಮಾಡೆಲ್ (ಫೋಟೊಗಳಿಂದ ತಾನೇ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ) ನನ್ನ ಪ್ರಾಜೆಕ್ಟ್. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಎಲ್ಲರಿಗೂ ಕೊಟ್ಟಿರುವ 27,558 ಫೋಟೊಗಳಿಂದ ಕಲಿಸಿದೆ. ಅರ್ಧ ಸೋಂಕಿನ ಕಣ, ಅರ್ಧ ಸೋಂಕಿಲ್ಲದ ಕಣ. ಟೆಸ್ಟ್‌ನಲ್ಲಿ ಬಹಳ ಚೆನ್ನಾಗಿ ಬಂತು. ಖುಷಿಗೆ ಅಮ್ಮನಿಗೂ ಫೋನ್ ಮಾಡಿ ಹೇಳಿದೆ.

ಆಮೇಲೆ ಹುಬ್ಬಳ್ಳಿಯ ಪರಿಚಯದವರು ರೋಗಿಗಳ ಹೆಸರು ತೆಗೆದು ಕೊಟ್ಟ ಹಳೆಯ ರಕ್ತದ ಸ್ಲೈಡ್‌ಗಳ ಫೋಟೊ ಹಾಕಿದೆ. ಮೈಕ್ರೋಸ್ಕೋಪಿಗೆ ಮೊಬೈಲ್ ಹಿಡಿದು ತೆಗೆದದ್ದು. ನೇರಳೆ ಚುಕ್ಕೆ ಕಂಡರೆ ಸಾಕು, ಸೋಂಕು ಅನ್ನುತ್ತದೆ. ಕಣದ ಮೇಲೆ ಕೂತ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣ) ಆದರೂ ಅಷ್ಟೇ.

ನನ್ನ ಅನುಮಾನ ಹೀಗಿದೆ. ಎನ್‌ಐಎಚ್‌ನ ಫೋಟೊಗಳು ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ತೆಗೆದವು. 150 ರೋಗಿಗಳು, 50 ಆರೋಗ್ಯವಂತರು. ನಾನು ಎಲ್ಲವನ್ನೂ ಸುಮ್ನೆ ಕಲಸಿ ಕಲಿಕೆಗೆ ಇಷ್ಟು, ಟೆಸ್ಟ್‌ಗೆ ಇಷ್ಟು ಎಂದು ಭಾಗ ಮಾಡಿದ್ದೆ. ಹಾಗಾಗಿ ಒಬ್ಬರದೇ ಕಣಗಳು ಕಲಿಕೆಯಲ್ಲೂ ಟೆಸ್ಟ್‌ನಲ್ಲೂ ಸೇರಿಕೊಂಡಿವೆ. ಮಾಡೆಲ್ ರೋಗಾಣು ಕಲಿಯುವ ಬದಲು ಸ್ಲೈಡಿನ ಬಣ್ಣವನ್ನೇ ಕಲಿತಿರಬಹುದು, ಅಲ್ವಾ? ರೋಗಾಣು ಕಾಣಲು ಸ್ಲೈಡಿಗೆ ಹಾಕುವ ಜೀಮ್ಸಾ ಬಣ್ಣವೂ ಲ್ಯಾಬಿನಿಂದ ಲ್ಯಾಬಿಗೆ ಬೇರೆ.

ಈಗ ಒಬ್ಬ ವ್ಯಕ್ತಿಯ ಕಣಗಳು ಒಂದೇ ಕಡೆ ಇರುವಂತೆ ಮತ್ತೆ ಭಾಗ ಮಾಡುತ್ತಿದ್ದೇನೆ. ಬಣ್ಣ ಸರಿಹೊಂದಿಸುವುದು ಹೇಗೆ, ನಮ್ಮೂರ ಸ್ಲೈಡ್ ಸ್ವಲ್ಪವೇ ಇದ್ದಾಗ ಅದನ್ನು ಕಲಿಕೆಗೆ ಸೇರಿಸಬೇಕೋ ಟೆಸ್ಟ್‌ಗೇ ಉಳಿಸಬೇಕೋ, ತಿಳಿದವರು ಹೇಳಿ. ಪ್ಲೇಟ್‌ಲೆಟ್ ಯಾವುದು, ರೋಗಾಣು ಯಾವುದು ಎಂದು ಪಕ್ಕ ಕೂತು ತೋರಿಸುವ ಪೆಥಾಲಜಿಯವರು ಸಿಕ್ಕರೆ ಇನ್ನೂ ದೊಡ್ಡ ಉಪಕಾರ. ಹುಬ್ಬಳ್ಳಿಯಾದರೂ ಸರಿ, ಚಿಗರಿ ಬಸ್ ಹತ್ತಿ ಬರುತ್ತೇನೆ.