ಹವಳಕ್ಕೆ ‘ಜನಸಂಖ್ಯೆ’ ಇರುತ್ತದೆಯೇ? ಪಾಪ್ಯುಲೇಷನ್‌ಗೆ ‘ಬಳಗ’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕೆರಿಬಿಯನ್ ಸಮುದ್ರದ ಹವಳಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಇಂಗ್ಲಿಷಿನ ಪಾಪ್ಯುಲೇಷನ್ ಅನ್ನುವ ಪದಕ್ಕೆ ಕನ್ನಡ ಹುಡುಕುತ್ತಾ ನಾಲ್ಕು ದಿನವಾಯಿತು, ಮುಂದೆ ಹೋಗಲು ಆಗುತ್ತಿಲ್ಲ. ಮೊದಲು ‘ಹವಳಗಳ ಜನಸಂಖ್ಯೆ’ ಎಂದೇ ಬರೆದು ಅಮ್ಮನಿಗೆ ಓದಿ ಹೇಳಿದೆ. “ಆ ದ್ವೀಪದಲ್ಲಿ ಎಷ್ಟು ಜನ ಇದ್ದಾರಂತೆ?” ಎಂದು ಕೇಳಿದರು. ಅವರು ಕೇಳಿದ್ದು ಸರಿ. ಜನ ಇಲ್ಲದ ಕಡೆ ಜನಸಂಖ್ಯೆ ಎಲ್ಲಿಂದ ಬರಬೇಕು?

ಪತ್ರಿಕೆಗಳಲ್ಲಿ ‘ಹುಲಿಗಳ ಸಂಖ್ಯೆ’ ಅನ್ನುತ್ತಾರೆ. ಎಷ್ಟಿವೆ ಎಂದು ಎಣಿಸುವಾಗ ಅಷ್ಟು ಸಾಕು. ನನಗೆ ಬೇಕಾದ ಅರ್ಥ ಬೇರೆ. ತಮ್ಮತಮ್ಮಲ್ಲೇ ಕೂಡಿ ಸಂತಾನ ಬೆಳೆಸುವ, ಹೊರಗಿನವುಗಳ ಜೊತೆ ಅಷ್ಟಾಗಿ ಬೆರೆಯದ ಗುಂಪು ಅದು.

ಕೆರಿಬಿಯನ್‌ನಲ್ಲಿ ಅಕ್ರೊಪೋರಾ ಪಾಲ್ಮೇಟಾ ಎಂಬ ಹವಳ ಇದೆ. ಅಂಗೈ ಚಾಚಿದ ಹಾಗೆ ಅಗಲ ಕೊಂಬೆಗಳು. ಅದರ ಹತ್ತಿರದ ನಂಟು ಅಕ್ರೊಪೋರಾ ಸರ್ವಿಕಾರ್ನಿಸ್. ಇದರ ಕೊಂಬೆ ತೆಳು, ಜಿಂಕೆಯ ಕವಲುಗೊಂಬಿನ ಹಾಗೆ. ಹಳಗನ್ನಡದಲ್ಲಿ ಪ್ರಾಣಿಯದ್ದೂ ಕೊಂಬು, ಮರದ್ದೂ ಕೊಂಬು. ಹವಳದ ಚಿತ್ರ ನೋಡುತ್ತಾ ಆ ಹಳೆಯ ಮಾತು ನೆನಪಾಗಿ ತುಂಬಾ ಖುಷಿಯಾಯಿತು.

ಹವಳ ವಿಜ್ಞಾನಿ ಇಲಿಯಾನಾ ಬಾಮ್ಸ್ ಮತ್ತು ಸಂಗಡಿಗರು ಪಾಲ್ಮೇಟಾದ ಡಿಎನ್‌ಎ ಹೋಲಿಸಿ 2005ರಲ್ಲಿ ಪ್ರಕಟಿಸಿದರು. ನೋಡಲು ಎಲ್ಲ ಒಂದೇ ಥರ. ಒಳಗೆ ಮಾತ್ರ ಎರಡು ಪಾಲು. ಪಶ್ಚಿಮಕ್ಕೆ ಫ್ಲಾರಿಡಾ, ಬಹಾಮಾಸ್, ಪನಾಮಾ ಕಡೆಯವು ಒಂದು. ಪೂರ್ವಕ್ಕೆ ವರ್ಜಿನ್ ದ್ವೀಪಗಳು, ಕುರಸಾವೊ, ಬೊನೇರ್ ಕಡೆಯವು ಇನ್ನೊಂದು. ನಡುವೆ ಪೋರ್ಟೊ ರಿಕೊ ಹತ್ತಿರ ಎರಡೂ ಸ್ವಲ್ಪ ಬೆರೆತಿವೆ. ಪಾಪ್ಯುಲೇಷನ್ ಸ್ಟ್ರಕ್ಚರ್ ಅಂದರೆ ಇದೇ. ‘ಜನಸಂಖ್ಯಾ ರಚನೆ’ ಎಂದು ಬರೆದರೆ ಇದರಲ್ಲಿ ಒಂದಾದರೂ ಓದುವವರಿಗೆ ತಿಳಿಯುತ್ತದಾ?

ನನಗೆ ಹೊಳೆದದ್ದು ‘ಬಳಗ’. ಬಂಧು ಬಳಗದಲ್ಲಿ ಇರುವ ಬಳಗವೇ. ಊರ ಕಡೆ ಒಂದು ಮನೆತನದ ಬಗ್ಗೆ ವಿಚಾರಿಸಿದರೆ “ಅವರಿಗೂ ನಮಗೂ ಕೊಟ್ಟು ತರೋ ಸಂಬಂಧ ಇದೆ” ಅನ್ನುತ್ತಾರಲ್ಲ? ಇಲ್ಲದಿದ್ದರೆ “ಹೊಳೆ ಆಚೆಗೆ ನಾವು ಕೊಟ್ಟೂ ಇಲ್ಲ, ತಂದೂ ಇಲ್ಲ” ಅನ್ನುತ್ತಾರೆ. ಪಾಲ್ಮೇಟಾದ್ದೂ ಇದೇ ಕಥೆ. ಆಗಸ್ಟ್ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಅವು ಮೊಟ್ಟೆ, ವೀರ್ಯ ಎರಡನ್ನೂ ಸಣ್ಣ ಗಂಟು ಕಟ್ಟಿ ನೀರಿಗೆ ಬಿಡುತ್ತವೆ. ಮರಿಗಳು ಕೆಲವು ದಿನ ತೇಲಿ ಎಲ್ಲೋ ನೆಲೆ ನಿಲ್ಲುತ್ತವೆ. ಪಶ್ಚಿಮಕ್ಕೂ ಪೂರ್ವಕ್ಕೂ ಈ ಕೊಟ್ಟು ತರುವುದು ಕಡಿಮೆ, ಹಾಗಾಗಿ ಎರಡು ಬಳಗ. ಜೀನ್ ಫ್ಲೋಗೆ ‘ವಂಶವಾಹಿ ಹರಿವು’ ಎಂದು ಬರೆದಿದ್ದೆ. ಈಗ ಹೊಡೆದುಹಾಕಿ ‘ಕೊಡುಕೊಳ್ಳುವಿಕೆ’ ಎಂದು ಮಾಡಿದ್ದೇನೆ. ಸ್ಟ್ರಕ್ಚರ್‌ಗೆ ಸುಮ್ನೆ ‘ಬಳಗಗಳ ವಿಂಗಡಣೆ’ ಸಾಕು ಅನ್ನಿಸುತ್ತದೆ.

ಇನ್ನು ‘ತಳಿ’. ಇದು ಜಾಸ್ತಿ ಕಾಡುತ್ತಿದೆ. ಪತ್ರಿಕೆಗಳಲ್ಲಿ ಸ್ಪೀಷೀಸ್‌ಗೂ ತಳಿ ಬರೆಯುತ್ತಾರೆ, ಜೆನೆಟಿಕ್ಸ್‌ಗೆ ತಳಿಶಾಸ್ತ್ರ ಇದೆ. ರೈತರಿಗೆ ತಳಿ ಅಂದರೆ ರಾಜಮುಡಿ, ಹಳ್ಳಿಕಾರ್ ಥರದ್ದು. ಅದು ಒಂದೇ ಪ್ರಭೇದದ ಒಳಗಿನ ಬಗೆ. ಹಾಗಿರುವಾಗ ‘ಹವಳದ ತಳಿ ವೈವಿಧ್ಯ’ ಎಂದು ಬರೆದರೆ ಪ್ರಭೇದಗಳು ಹಲವು ಇವೆ ಅಂತಲೋ, ಒಂದೇ ಪ್ರಭೇದದ ಒಳಗೆ ವಂಶವಾಹಿಗಳು ಬಗೆಬಗೆ ಅಂತಲೋ? ನಾನು ಸ್ಪೀಷೀಸ್‌ಗೆ ಪ್ರಭೇದ, ಜೆನೆಟಿಕ್ ಡೈವರ್ಸಿಟಿಗೆ ವಂಶವಾಹಿ ವೈವಿಧ್ಯ ಇಟ್ಟುಕೊಂಡು, ತಳಿಯನ್ನು ರೈತರಿಗೇ ಬಿಡಬೇಕು ಅಂತಿದ್ದೇನೆ.

ಆಗ ‘ಮಿಶ್ರತಳಿ’ಯೂ ಹೋಗಬೇಕಾಗುತ್ತದೆ. ಈ ಎರಡು ಹವಳಗಳ ಜೊತೆ ಪ್ರೊಲಿಫೆರಾ ಎಂಬ ಮೂರನೆಯದೂ ಇದೆ. ಮೂರಕ್ಕೂ 1816ರಲ್ಲಿ ಹೆಸರಿಟ್ಟದ್ದು ಫ್ರೆಂಚ್ ಜೀವವಿಜ್ಞಾನಿ ಲಾಮಾರ್ಕ್. ಮೂರನೆಯದು ಬೇರೆ ಪ್ರಭೇದವೇ ಅಲ್ಲ, ಮೊದಲೆರಡು ಕೂಡಿ ಹುಟ್ಟಿದ ಮೊದಲ ತಲೆಮಾರಿನ ಕೂಸು ಎಂದು ವೋಲ್ಮರ್ ಮತ್ತು ಪಲುಂಬಿ ಎಂಬ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಬೆರಕೆ ಅಂದರೆ ಕಲಬೆರಕೆ ನೆನಪಾಗುತ್ತದೆ, ಬೇಡ. ಬಿತ್ತನೆ ಬೀಜದ ಅಂಗಡಿಯಲ್ಲಿ ಎಲ್ಲರೂ ಹೇಳುವ ‘ಹೈಬ್ರಿಡ್’ ಇರಲಿ.

ಕೊನೆಯದು, ಒಂದರಿಂದಲೇ ಮುರಿದು ಬೆಳೆದವೆಲ್ಲ ಸೇರಿದ ಗುಂಪು. ಅದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ನಮ್ಮ ಅತ್ತೆ ತಮ್ಮ ಕೆಂಪು ದಾಸವಾಳದ ಕಡ್ಡಿ ಮುರಿದು ಬೀದಿಗೆಲ್ಲ ಕೊಟ್ಟಿದ್ದಾರೆ. ಈಗ ಹನ್ನೊಂದು ಮನೆ ಮುಂದೆ ಹನ್ನೊಂದು ಗಿಡ. ಒಂದಕ್ಕೆ ಬಿಳಿ ತಿಗಣೆ ಬಂದರೆ ವಾರದೊಳಗೆ ಉಳಿದವಕ್ಕೂ ಬರುತ್ತದೆ. ನೋಡಲು ಹನ್ನೊಂದು, ವಂಶವಾಹಿಯ ಲೆಕ್ಕದಲ್ಲಿ ಒಂದೇ. ಈ ಹವಳಗಳೂ ಅಲೆಗೆ ಕೊಂಬೆ ಮುರಿದು, ಬಿದ್ದಲ್ಲೇ ಬೇರೂರಿ ಹೀಗೆ ಹರಡುತ್ತವೆ. ಇಡೀ ಹವಳದ ದಿಬ್ಬ ಒಂದೇ ಹವಳದ ತುಂಡುಗಳಾಗಿದ್ದರೆ ಅವು ತಮ್ಮೊಳಗೆ ಫಲ ಕಟ್ಟುವುದು ತೀರಾ ಕಡಿಮೆ. 1970ರ ದಶಕದ ಕೊನೆಯಿಂದ ಬಿಳಿಪಟ್ಟಿ ರೋಗ ಇವನ್ನು ಕೊಂದಿದೆ. 2023ರಲ್ಲಿ ಫ್ಲಾರಿಡಾದಲ್ಲಿ ನೀರು ಕಾದು ಉಳಿದವೂ ಬಹುಪಾಲು ಹೋದವು. ಸಮುದ್ರದೊಳಗೆ ನರ್ಸರಿ ಮಾಡಿ ತುಂಡು ನೆಡುವವರು ಎಷ್ಟು ನೆಟ್ಟೆವು ಅನ್ನುವುದರ ಜೊತೆಗೆ ಎಷ್ಟು ಬೇರೆಬೇರೆ ಮೂಲದವು ಎಂದೂ ಲೆಕ್ಕ ಇಡುವುದು ಅದಕ್ಕೇ.

ಒಂದೇ ಗಿಡದಿಂದ ಬಂದ ಅಷ್ಟನ್ನೂ ಸೇರಿಸಿ ಏನನ್ನಬೇಕು? ‘ತಾಯಿಗಿಡ’ ಅಂದರೆ ಮೊದಲನೆಯದು ಮಾತ್ರ ಆಗುತ್ತದೆ. ‘ಒಂದೇ ಬುಡದವು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಮಲ್ಲಿಗೆ, ಬಾಳೆ, ಕಬ್ಬು ಬೆಳೆಯುವ ಕಡೆ ಇದಕ್ಕೆ ಮಾತು ಇದ್ದೇ ಇರಬೇಕು, ಅಲ್ವಾ? ನಿಮ್ಮ ಊರಲ್ಲಿ, ನಿಮ್ಮ ಮನೆಯಲ್ಲಿ ಏನನ್ನುತ್ತಾರೆ ಎಂದು ದಯವಿಟ್ಟು ತಿಳಿಸಿ. ‘ಬಳಗ’ ಸರಿ ಇಲ್ಲ ಅನ್ನಿಸಿದರೆ ಅದನ್ನೂ ಹೇಳಿ.